ದಳವಾಯಿಗಳು ಹಿಡಿಯಬೇಕಿದ್ದ ಆನೆ

ಯಾವುದೋ ದಂಡಿನಿಂದ ತಪ್ಪಿಸಿಕೊಂಡ ಪಳಗಿದ ಆನೆಯೊಂದು ಪಾಳೆಯಗಾರರ ಕೋಟೆಯ ಸುತ್ತ ಅಲೆಯುತ್ತಿತ್ತು. ಅದನ್ನು ಹಿಡಿಯುವ ಹೊಣೆ ದಳವಾಯಿ ಕೆಂಗನಾಯಕರದು. ದಳವಾಯಿಗಳು ಮಹಾ ಎಚ್ಚರದ ಮನುಷ್ಯರು. ಮೊದಲು ಹಗ್ಗ ಹೊಸೆಸಿದರು, ಆಮೇಲೆ ಹಗ್ಗಕ್ಕೆ ಪೂಜೆ ಮಾಡಿಸಿದರು. ಜೋಯಿಸರು ಮುಹೂರ್ತ ಇಟ್ಟಾಗಲೆಲ್ಲ ಇವರಿಗೆ ನೆಗಡಿಯಾಗುತ್ತಿತ್ತು.

ಅಷ್ಟರಲ್ಲಿ ಲಾಯದ ಕಸ ಗುಡಿಸುವ ಸಣ್ಣೀರಮ್ಮ ದಿನಾ ಬೆಳಿಗ್ಗೆ ಕೋಟೆಯ ಹೊರಗೆ ಒಂದು ಬೆಲ್ಲದುಂಡೆ ಇಟ್ಟು ಬರುತ್ತಿದ್ದಳು. ದಿನದಿಂದ ದಿನಕ್ಕೆ ಉಂಡೆ ಬಾಗಿಲಿಗೆ ಹತ್ತಿರವಾಯಿತು. ಒಂದು ಬೆಳಿಗ್ಗೆ ಆನೆ ಬಾಗಿಲಲ್ಲೇ ಬಂದು ನಿಂತಿತು.

"ತೆಗೆಯೋಕೆ ಅಪ್ಪಣೆ ಇಲ್ಲ," ಅಂದ ಕಾವಲುಗಾರ.

"ಅಪ್ಪಣೆ ಬರೋ ತನಕ ಆನೆ ನಿಲ್ಲುತ್ತೇನೋ ಅಣ್ಣ?" ಎಂದವಳೇ ತಾನೇ ಅಗುಳಿ ಸರಿಸಿದಳು. ಬೆಲ್ಲ ತೋರಿಸುತ್ತ ಲಾಯಕ್ಕೆ ಕರೆದೊಯ್ದು ಕಟ್ಟಿಹಾಕಿದಳು.

ಪಾಳೆಯಗಾರರು ಹಿಗ್ಗಿದರು. ದಳವಾಯಿಗಳು ಕೆಂಡವಾದರು.

"ಪ್ರಭು, ಇವಳನ್ನು ಕೋಟೆಯಿಂದ ಆಚೆ ಹಾಕಬೇಕು! ನನ್ನ ತಯಾರಿಯನ್ನೆಲ್ಲ ಹಾಳು ಮಾಡಿದಳು!"

ಸಣ್ಣೀರಮ್ಮ ಕೈಮುಗಿದಳು. "ತಪ್ಪಾಯ್ತು ಬುದ್ಧಿ. ತಮ್ಮ ತಯಾರಿ ದಂಡವಾಗೋದು ಬೇಡ. ಆನೆ ಲಾಯದಲ್ಲೇ ಇದೆ. ತಾವೇ ಬಿಚ್ಚಿಕೊಂಡು ಹೋಗಿ ಕಾಡಿಗೆ ಬಿಟ್ಟು ಬನ್ನಿ. ಆಮೇಲೆ ತಮ್ಮ ಹಗ್ಗದಲ್ಲೇ ಹಿಡಿಯುವಿರಂತೆ."

ಪಾಳೆಯಗಾರರು ನಗು ನುಂಗಿಕೊಂಡರು. "ನ್ಯಾಯವಾದ ಮಾತು. ಹೊರಡಿ ನಾಯಕರೇ."

ದಳವಾಯಿಗಳು ಲಾಯದ ಕಡೆ ನೋಡಿದರು. ಒಳಗಿನಿಂದ ಆನೆ ಘೀಳಿಟ್ಟಿತು.

"ಆಗಲಿ ಪ್ರಭು," ಎಂದರು ಹಣೆ ಒರೆಸಿಕೊಳ್ಳುತ್ತ. "ಆದರೆ ಬಿಡುವುದಕ್ಕೂ ಒಂದಿಷ್ಟು ತಯಾರಿ ಬೇಕಾಗುತ್ತದೆ."