ಮಗುಚದೆ ಉಳಿದ ಕಲ್ಲು

ಅಮಲ್ದಾರ್ ತಿರುಮಲರಾಯರಿಗೆ ಇಂಗ್ಲಿಷ್ ನುಡಿಗಟ್ಟುಗಳೆಂದರೆ ಪ್ರಾಣ. ಅವನ್ನು ಕನ್ನಡಕ್ಕೆ ತಿರುಗಿಸಿಯೇ ಅಪ್ಪಣೆ ಕೊಡುವರು. ಒಂದು ದಿನ ಅವರ ನಶ್ಯದ ಡಬ್ಬಿ ಕಳೆಯಿತು. ಜವಾನನಿಗೆ "ಹುಡುಕು" ಎಂದಿದ್ದರೆ ಸಾಕಿತ್ತು. "ಒಂದು ಕಲ್ಲನ್ನೂ ಮಗುಚದೆ ಬಿಡಬೇಡ. ಬಿಟ್ಟೆಯೋ, ನಿನ್ನ ಕೆಲಸ ಹೋಯಿತು" ಎಂದು ಗುಡುಗಿದರು.

ಜವಾನ ರಾಯರ ಮನೆಯಿಂದಲೇ ಶುರು ಮಾಡಿದ. ಒಗೆಯುವ ಕಲ್ಲು ಮಗುಚಿದ. ಒಲೆಯ ಕಲ್ಲು ಮಗುಚಿದ, ಸಾರು ನೆಲದ ಪಾಲಾಯಿತು. ಒರಳುಕಲ್ಲು ಮಗುಚಿದಾಗ ದೋಸೆಹಿಟ್ಟು ನಡುಮನೆಯವರೆಗೆ ಹರಿಯಿತು. ಅಮ್ಮಾವ್ರು ಸೌಟು ಹಿಡಿದು ಗಂಡನ ಕಡೆ ನಡೆದರು.

"ನಿಲ್ಲಿಸೋ ಮುಠ್ಠಾಳ" ಎಂದರು ರಾಯರು.

"ಒಂದೇ ಒಂದು ಬಾಕಿ, ಬುದ್ಧಿ. ತಮ್ಮ ಹೊಟ್ಟೆಯೊಳಗೆ ಕಲ್ಲಿದೆ ಅಂತ ಪಂಡಿತರು ಹೇಳಿದ್ರಲ್ಲ. ಅದು ಮಗುಚಬೇಕಾದ್ರೆ ತಾವೇ ಒಂದು ಲಾಗ ಹಾಕಬೇಕು."

ರಾಯರು ಹೊಟ್ಟೆ ಹಿಡಿದುಕೊಂಡು, "ಡಬ್ಬಿ ಹಾಳಾಗಿ ಹೋಗಲಿ" ಎಂದರು. ಅದಂತೂ ಅಪ್ಪಟ ಕನ್ನಡವಾಗಿತ್ತು.