ಕಾಗದಕ್ಕೆ ಕಟ್ಟಿದ ಒಡ್ಡು

ಹೊಳೆದಂಡೆಯ ಕಾಶವ್ವನಿಗೆ ಇದ್ದದ್ದು ಎರಡೇ ಚಿಂತೆ. ಒಂದು ಹೊಳೆ, ಇನ್ನೊಂದು ಮಗ. ಹೊಳೆ ವರ್ಷಕ್ಕೊಮ್ಮೆ ಕಾಡುತ್ತಿತ್ತು, ಮಗ ಸಿದಗೊಂಡ ದಿನಾ ಕಾಡುತ್ತಿದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಈ ಸಲ ಮಣ್ಣಿನ ಮನೆ ಬಿದ್ದರೆ ಮತ್ತೆ ಕಟ್ಟುವ ತಾಕತ್ತಿಲ್ಲವೆಂದು ಅವಳು ಮನೆಗೆ ವಿಮೆ ಮಾಡಿಸಲು ಹೊರಟಳು. ಹೊಳೆ ಎಲ್ಲಿತನಕ ಏರಿದೆ ಎಂದು ವಿಮೆಯ ಸಾಹೇಬರು ಕೇಳಿದರು.

"ಸಿದ್ಯಾ, ನೀರು ಎಲ್ಲಿಮಟ ಬಂದೈತಿ ನೋಡಿ ಸುಣ್ಣದ ಗೆರಿ ಎಳದು ಬಾ."

ಹೋದ, ನೋಡಿದ, ಎಳೆದ, ಬಂದ. ಹಿಂದೆಯೇ ಎಮ್ಮೆ ಬಂತು. ಎಮ್ಮೆಯ ಹೊಟ್ಟೆಯ ಮೇಲೆ ಸುಣ್ಣದ ಗೆರೆ.

"ಇಲ್ಲಿಮಟ ಇತ್ತವ್ವಾ."

ಸಾಹೇಬರು ನಕ್ಕು, ತಾವೇ ಹೋಗಿ ಅಳೆದುಕೊಂಡರು. ಕಾಶವ್ವ ಹಣೆ ಚಚ್ಚಿಕೊಂಡಳು.

"ಹುಚ್ಚಪ್ಯಾಲಿ! ಎಮ್ಮಿ ನೀರಿಗೆ ಬಿದ್ದರ ಗೆರಿ ಉಳೀತೈತೇನು? ಬೇಕಾದ್ದನ್ನ ನೀರು ಮುಟ್ಟಲಾರದ ಜಾಗಾದಾಗ ಇಡಬೇಕು."

"ಹೂಂ ಅವ್ವಾ."

ಮಳೆ ಹಿಡಿಯಿತು. ಪಂಚಾಯಿತಿಯವರು ನಲವತ್ತು ಮರಳಿನ ಚೀಲ ಕೊಟ್ಟರು. "ಬಾಳ ಬೇಕಾದ ಚೀಲ, ಸರಿಯಾಗಿ ಇಡು" ಅಂದಳು ಅವ್ವ. ಸಿದಗೊಂಡ ಅಷ್ಟನ್ನೂ ಮಾಳಿಗೆಗೆ ಏರಿಸಿ, ತೋಯದಂತೆ ತಾಡಪಾಲು ಹೊದಿಸಿದ. ತೊಲೆ ಕಿರುಗುಟ್ಟಿತು.

"ಇಳಸೋ ನನ್ನಪ್ಪಾ! ಯಾವುದು ತೋಯಬಾರದೋ ಅದರ ಸುತ್ತ ಒಟ್ಟೋ ಚೀಲ ಇವು."

ಇಳಿಸಿದ. ಅಷ್ಟರಲ್ಲಿ ಸಾಹೇಬರು ವಿಮೆಯ ಕಾಗದ ತಂದು ಸಿದಗೊಂಡನ ಕೈಗೆ ಕೊಟ್ಟು, "ಮನಿ ತೋಯ್ದರೂ ನಡೀತದ, ಇದು ಮಾತ್ರ ತೋಯಬಾರದು ನೋಡಪಾ" ಎಂದು ತಮಾಷೆ ಮಾಡಿ ಹೋದರು.

ಮೂರನೇ ದಿನ ಹೊಳೆ ಬಂತು. ಕಾಶವ್ವ ಎಮ್ಮೆ ಹೊಡೆದುಕೊಂಡು ದಿಬ್ಬದ ಶಾಲೆಗೆ ಓಡುತ್ತಾ, ಚೀಲ ಒಟ್ಟಿ ಬಾ ಎಂದು ಕೂಗಿದಳು. ಒಟ್ಟಿ ಬಂದ.

ನೀರಿಳಿದಾಗ ನೋಡಿದರೆ ಎರಡು ಗೋಡೆ ಕುಸಿದಿದ್ದವು. ಬಾಗಿಲಲ್ಲಿ ಒಂದು ಚೀಲವೂ ಇರಲಿಲ್ಲ. ನಲವತ್ತೂ ಚೀಲ ದೇವರ ಜಗಲಿಯ ಮೇಲೆ ಕೋಟೆಯಂತೆ ನಿಂತಿದ್ದವು. ನಡುವೆ ಡಬ್ಬಿ, ಡಬ್ಬಿಯೊಳಗೆ ಕಾಗದ.

"ಮನಿ ಮುಳುಗಿಸಿ ಕಾಗದ ಉಳಿಸೀಯಲ್ಲೋ!" ಎಂದು ಕಾಶವ್ವ ಎದೆ ಬಡಿದುಕೊಂಡು ಅತ್ತಳು.

ಸಾಹೇಬರು ಬಂದರು. ಊರವರ ವಿಮೆಯ ಕಾಗದವೆಲ್ಲ ರಾಡಿಯಾಗಿತ್ತು. ಪಾಪ, ಅವರೆಲ್ಲ ನಕಲು ಪ್ರತಿಗಾಗಿ ತಿಂಗಳುಗಟ್ಟಲೆ ಅಲೆದರು. ಕಾಶವ್ವನದು ಗರಿಗರಿ. ನೀರು ಎಷ್ಟು ಏರಿತ್ತೆಂಬುದಕ್ಕೆ ಚೀಲದ ಮೇಲಿನ ರಾಡಿಯ ಗೆರೆಯೇ ಸಾಕ್ಷಿ. ಸಾಹೇಬರು ನಿಂತ ಕಾಲಲ್ಲೇ ಪರಿಹಾರ ಬರೆದರು. ಯುಗಾದಿಯ ಹಿಂದಿನ ದಿನ ತಾಯಿ ಮಗ ಆ ದುಡ್ಡಿನಲ್ಲಿ ದಿಬ್ಬದ ಮೇಲೆ ಕಟ್ಟಿಸಿದ ಕಲ್ಲಿನ ಮನೆ ಹೊಕ್ಕರು. ಪೆದ್ದ ಅಂದ ಊರೇ ಹಲಗೆ ಬಾರಿಸಿ ಸಿದಗೊಂಡನನ್ನು ಹೆಗಲ ಮೇಲೆ ಹೊತ್ತು ತಂದಿತು.

ಹೊಸ್ತಿಲಲ್ಲಿ ಕಾಶವ್ವ ಮಗನ ಮುಖ ನೀವಿದಳು. "ಆ ಕಾಗದಕಿಂತ ನೀ ಹೆಚ್ಚು ನನಗ, ನನ್ನ ಬಂಗಾರ. ನಿನಗ ಒಂದು ಹನಿ ನೀರು ತಾಗಬಾರದು."

ಮರುದಿನ ಹಬ್ಬದ ಎಣ್ಣೆನೀರಿಗೆ ಕರೆದರೆ ಮಗ ಇಲ್ಲ. ಹಿತ್ತಲಲ್ಲಿ ನಲವತ್ತು ಚೀಲದ ಒಡ್ಡು. ನಡುವೆ ಸಿದಗೊಂಡನ ತಲೆ.

"ಬಾರೋ, ನೀರು ಕಾದಾವು."

"ಬ್ಯಾಡವ್ವಾ. ಹೊಳಿಗೇ ಬಿಟ್ಟಿಲ್ಲ, ನಿನ್ನ ತಂಬಿಗಿಗೆ ಬಿಡತೀನೇನು?"