ನಡು ಬೇಯದ ಕೇಕು

ಒಂದು ಊರು. ಊರಿಗೊಂದು ದೊಡ್ಡ ಒಲೆ. ಒಲೆಗೊಬ್ಬಳು ಸೆವ್ರಿನಜ್ಜಿ. ಒಲೆ ದೊಡ್ಡದು, ಅಜ್ಜಿ ಸಣ್ಣವಳು, ಹೊಗೆ ಇಬ್ಬರಿಗೂ ಸಮ.

ಅಂದು ಮೊಮ್ಮಗಳು ಫ್ಲಾವಿಯ ಹುಟ್ಟುಹಬ್ಬ. ಆ ಮನೆಯಲ್ಲೊಂದು ಕ್ರಮವಿತ್ತು. ಮೇಣದಬತ್ತಿ ನಿಂತ ತುಂಡು ಹುಟ್ಟುಹಬ್ಬದವರಿಗೆ. ಬತ್ತಿ ನಿಲ್ಲುವುದು ಕೇಕಿನ ನಡುವಿನಲ್ಲಿ. ಹೋದ ವರ್ಷ ಕೇಕು ಸಣ್ಣದಾಗಿತ್ತು, ನೆಂಟರು ಬಹಳ ಬಂದಿದ್ದರು. ಫ್ಲಾವಿಗೆ ಸಿಕ್ಕಿದ್ದು ಬತ್ತಿ ಮಾತ್ರ.

ಅದಕ್ಕೇ ಅಜ್ಜಿ ಈ ಸಲ ಗಾಡಿಯ ಚಕ್ರದಷ್ಟು ದೊಡ್ಡ ಕೇಕು ಮಾಡಿದಳು.

ಕೇಕು ಹೊರಗೆ ಬಂತು. ಅಜ್ಜಿ ನಡುವಿನಲ್ಲಿ ಬತ್ತಿ ನೆಟ್ಟಳು. ಬತ್ತಿ ಮುಳುಗಿತು. ಮೊದಲು ಸೊಂಟದವರೆಗೆ, ಆಮೇಲೆ ಕುತ್ತಿಗೆಯವರೆಗೆ, ಆಮೇಲೆ ಪೂರ್ತಿ.

ಫ್ಲಾವಿ ಅಳಲಿಲ್ಲ. ಅತ್ತಿದ್ದರೆ ಅಜ್ಜಿಗೆ ಸುಲಭವಾಗುತ್ತಿತ್ತು.

"ಈ ಸಲಾನೂ ನನಗೆ ಬತ್ತಿನೇನಾ ಅಜ್ಜೀ?" ಎಂದಳು.

ಅಜ್ಜಿ ಬತ್ತಿಯನ್ನು ಹೊರಗೆಳೆದು, ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಕಿಯ ಹತ್ತಿರ ಹೋದಳು.

"ಅಂಚು ಕರಿ, ನಡು ಹಸಿ. ಬೆಂಕಿಯೇ, ನಡುವಿಗೆ ಯಾಕೆ ಹೋಗಲಿಲ್ಲ?"

ತನಗೆ ಅವಸರ ಎಂದಿತು ಬೆಂಕಿ. ಸೌದೆ ತೆಳು. ಭಗ್ಗೆಂದು ಹತ್ತಿತು, ಅಂಚು ಸುಟ್ಟಿತು, ಆರಿಹೋಯಿತು. ಒಳಗೆ ಹೋಗಲು ಹೊತ್ತೆಲ್ಲಿತ್ತು?

ಅಜ್ಜಿ ಸೌದೆಯ ಹತ್ತಿರ ಹೋದಳು.

"ಅಂಚು ಕರಿ, ನಡು ಹಸಿ.
ನಡು ಹಸಿ, ಬೆಂಕಿಗೆ ಅವಸರ.
ಸೌದೆಯೇ, ನೀನು ಯಾಕೆ ತೆಳು?"

ತಾನೇನು ತೆಳ್ಳಗೆ ಹುಟ್ಟಿದ್ದಲ್ಲ ಎಂದಿತು ಸೌದೆ. ತನಿಯ ಕಡಿದ ಹಾಗೆ ತಾನು.

ಅಜ್ಜಿ ಸೌದೆ ಕಡಿಯುವ ತನಿಯನ ಹತ್ತಿರ ಹೋದಳು.

"ಅಂಚು ಕರಿ, ನಡು ಹಸಿ.
ನಡು ಹಸಿ, ಬೆಂಕಿಗೆ ಅವಸರ.
ಬೆಂಕಿಗೆ ಅವಸರ, ಸೌದೆ ತೆಳು.
ತನಿಯಾ, ದಪ್ಪ ಸೌದೆ ಯಾಕೆ ಕಡಿಯಲಿಲ್ಲ?"

ತನಿಯ ಕೊಡಲಿ ತೋರಿಸಿದ. ಸೆವ್ರಿನಜ್ಜಿ ಊರಿಗೆಲ್ಲ ಬಾಯಮ್ಮ. "ಮೊಂಡು, ಬಾಯಮ್ಮ. ದಪ್ಪ ಮರಕ್ಕೆ ಇದರಿಂದ ಕಚಗುಳಿ ಆಗ್ತದೆ, ಅಷ್ಟೇ."

ಅಜ್ಜಿ ಕಮ್ಮಾರ ಪುರಂದರಾಚಾರಿಯ ಹತ್ತಿರ ಹೋದಳು.

"ಅಂಚು ಕರಿ, ನಡು ಹಸಿ.
ನಡು ಹಸಿ, ಬೆಂಕಿಗೆ ಅವಸರ.
ಬೆಂಕಿಗೆ ಅವಸರ, ಸೌದೆ ತೆಳು.
ಸೌದೆ ತೆಳು, ಕೊಡಲಿ ಮೊಂಡು.
ಆಚಾರ್ರೇ, ಕೊಡಲಿ ಯಾಕೆ ಹರಿತ ಮಾಡಲಿಲ್ಲ?"

ಗಾಳಿ ಊದುವ ತಿದಿ ಹರಿದಿದೆ ಎಂದ ಆಚಾರಿ. ಒತ್ತಿದರೆ ಗಾಳಿ ಕೆಂಡಕ್ಕೆ ಹೋಗದೆ ತನ್ನ ಮುಖಕ್ಕೇ ಬರುತ್ತದೆ. ಸೆಕೆಗೆ ಒಳ್ಳೆಯದು, ಕೊಡಲಿಗೆ ಅಲ್ಲ. ಐತಪ್ಪ ಹೊಲಿದುಕೊಟ್ಟರೆ ಆದೀತು.

ಸಂಜೆಯಾಗುತ್ತಿತ್ತು. ಅಜ್ಜಿಗೆ ಕಾಲು ನೋಯುತ್ತಿತ್ತು. ಆದರೂ ಚಪ್ಪಲಿ ಹೊಲಿಯುವ ಐತಪ್ಪನ ಹತ್ತಿರ ಹೋದಳು.

"ಅಂಚು ಕರಿ, ನಡು ಹಸಿ.
ನಡು ಹಸಿ, ಬೆಂಕಿಗೆ ಅವಸರ.
ಬೆಂಕಿಗೆ ಅವಸರ, ಸೌದೆ ತೆಳು.
ಸೌದೆ ತೆಳು, ಕೊಡಲಿ ಮೊಂಡು.
ಕೊಡಲಿ ಮೊಂಡು, ತಿದಿ ಹರಕು.
ಐತಪ್ಪಾ, ತಿದಿ ಯಾಕೆ ಹೊಲಿಯಲಿಲ್ಲ?"

ಐತಪ್ಪ ಕಣ್ಣು ಮುಚ್ಚಿ ಎಲ್ಲ ಕೇಳಿದ. ಬೆಳಗಿನಿಂದ ತಾನು ಏನೂ ತಿಂದಿಲ್ಲ, ಒಂದು ಸೂಜಿ ಎರಡಾಗಿ ಕಾಣುತ್ತಿದೆ, ಯಾವುದಕ್ಕೆ ದಾರ ಪೋಣಿಸಲಿ ಎಂದ. ಆಮೇಲೆ ಒಂದು ಕಣ್ಣು ತೆರೆದ.

"ಆ ಅಂಚು ಏನು ಮಾಡಿದಿರಿ, ಬಾಯಮ್ಮ?"

"ಅದು ಕರಿ, ಐತಪ್ಪಾ."

"ಕರಿ ಆದರೇನು, ಅಗಿಯಲಿಕ್ಕೆ ಆಗ್ತದಲ್ಲ."

ಅಜ್ಜಿ ಮನೆಗೆ ಹೋದಳು. ಕೇಕಿನ ಸುತ್ತ ಕರಿ ಅಂಚು ಕತ್ತರಿಸಿದಳು. ತಂದು ಕೊಟ್ಟಳು. ಐತಪ್ಪ ಜೀವಮಾನವಿಡೀ ಚರ್ಮದ ಜೊತೆ ಇದ್ದವನು. ಅವನಿಗೆ ಅಂಚು ಹೊಸದೆನಿಸಲಿಲ್ಲ.

ಐತಪ್ಪ ತಿಂದ, ತಿದಿ ಹೊಲಿದ.
ತಿದಿ ಊದಿತು, ಕೊಡಲಿ ಹರಿತವಾಯಿತು.
ಕೊಡಲಿ ಹರಿತವಾಯಿತು, ಸೌದೆ ದಪ್ಪವಾಯಿತು.
ಸೌದೆ ದಪ್ಪವಾಯಿತು, ಬೆಂಕಿಯ ಅವಸರ ಹೋಯಿತು.
ಬೆಂಕಿಯ ಅವಸರ ಹೋಯಿತು, ಕೇಕು ಮತ್ತೆ ಒಲೆಗೆ ಹೋಯಿತು.
ಕೇಕು ಮತ್ತೆ ಒಲೆಗೆ ಹೋಯಿತು, ಬಿಸಿ ಮೆಲ್ಲಗೆ ನಡೆಯಿತು. ಮೆಲ್ಲಗೆ, ಮೆಲ್ಲಗೆ, ನಡುವಿನವರೆಗೆ.

ಅಜ್ಜಿ ಸೊಂಟದಿಂದ ಬತ್ತಿ ತೆಗೆದು ನೆಟ್ಟಳು. ಬತ್ತಿ ನಿಂತಿತು.

ವಾಸನೆಗೆ ಎಲ್ಲರೂ ಬಂದರು. ಸಹಾಯ ಮಾಡಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಐತಪ್ಪ ಒಂದು ಬದಿಯಿಂದ ತೆಗೆದುಕೊಂಡ. ಆಚಾರಿ ಇನ್ನೊಂದು ಬದಿಯಿಂದ. ತನಿಯ ಮತ್ತೊಂದು ಬದಿಯಿಂದ, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಇನ್ನೂ ಒಂದು. ಹೋದ ವರ್ಷದ ನೆಂಟರೂ ಬಂದರು. ಅವರು ಯಾವ ಸಹಾಯವನ್ನೂ ಮಾಡಿರಲಿಲ್ಲ. ಅವರ ತುಂಡುಗಳು ಎಲ್ಲರದಕ್ಕಿಂತ ದೊಡ್ಡವು.

ಗಾಡಿಯ ಚಕ್ರದಷ್ಟಿದ್ದ ಕೇಕು ತಟ್ಟೆಯಷ್ಟಾಯಿತು. ತಟ್ಟೆಯಷ್ಟಿದ್ದದ್ದು ಅಂಗೈಯಷ್ಟಾಯಿತು. ಅಲ್ಲಿಗೆ ಎಲ್ಲರ ಕೈ ನಿಂತಿತು. ಅದು ಬತ್ತಿ ನಿಂತ ತುಂಡು.

ಅಜ್ಜಿ ಬತ್ತಿ ಹಚ್ಚಿದಳು, ಫ್ಲಾವಿ ಊದಿ ಆರಿಸಿದಳು. ತುಂಡು ಎತ್ತಿ ಕಚ್ಚಿದಳು. ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ಅವಳು ಬಹಳ ಹೊತ್ತು ಅಗಿದಳು.

"ಬೆಂದಿದೆ," ಎಂದಳು.

ಸೆವ್ರಿನಜ್ಜಿ ಅಂದು ಮೊದಲ ಸಲ ಕುಳಿತುಕೊಂಡಳು.